ಏನಾಗ್ತಿತ್ತು ಆಗ?

ಮೊದಲ ಪಟ್ಟಿಯನ್ನು ಮಣಿಕಟ್ಟಿಗೆಂದೇ ಹೊಲಿದಿದ್ದೆವು.
ಚಿಕ್ಕಪೇಟೆಯ ಎಲಾಸ್ಟಿಕ್ಕು, ಎಸ್.ಪಿ. ರಸ್ತೆಯ ಚಿಪ್ಪು,
ಒಳಗೆ ಮಿಣುಕುಹುಳದಷ್ಟು ಹಸಿರು ಬೆಳಕು,
ಚರ್ಮದಡಿ ಹಾಯುವ ನೆತ್ತರನ್ನು ಎಣಿಸಲು.
ಮುನಿಲಕ್ಷ್ಮಮ್ಮ ಕೈ ಚಾಚಿದರು:
ಒಂದು ಡಜನ್ ಗಾಜಿನ ಬಳೆ.
"ತೆಗೀಬೌದಾ?" ಅಂದೆ.
"ತೆಗಿಯಲ್ಲ" ಅಂದರು.

ಆರು ತಿಂಗಳ ನಕ್ಷೆ ಅಲ್ಲೇ ಮುರಿಯಿತು.
ಪಟ್ಟಿ ತೋಳಿಗೇರಿತು,
ಅವರಜ್ಜಿ ವಂಕಿ ತೊಡುತ್ತಿದ್ದ ಜಾಗಕ್ಕೆ.
"ತಾಯ್ತ ಇದ್ದಂಗೈತೆ. ಏನ್ ಕಾಯ್ತದೆ ಇದು?"
ಕಾಯಲ್ಲ ಅಮ್ಮ, ಬರೀ ನೋಡುತ್ತೆ.
"ಹಂಗಾದ್ರೆ ನಮ್ ಮೇಸ್ತ್ರಿ ತರ."
ನಕ್ಕರು. ನಗು ನಿಲ್ಲಿಸಿ ಕೇಳಿದರು,
"ಅವನಿಗೂ ಕಾಣ್ತದಾ?"
ಇಲ್ಲ ಅಂದೆ. ಆ ರಾತ್ರಿ ಕೂತು
ದುಡ್ಡು ಕೊಟ್ಟವರ ಕರಾರನ್ನು
ಮತ್ತೆ ಮೊದಲಿನಿಂದ ಓದಿದೆ.

ಎಂಟನೇ ದಿನ, ಸಂಪಂಗಿರಾಮನಗರ.
ಗುಡಿಸಿ ಮುಗಿದ ರಸ್ತೆ, ಮೇಲೆ ಆಗಲೇ ಎರಡು ಹೊಸ ಎಲೆ.
ಕಾಂಡಿಮೆಂಟ್ಸಿನ ಕಟ್ಟೆ ಮೇಲೆ ಅರ್ಧರ್ಧ ಟೀ.
ಫೋನು ತಿರುಗಿಸಿ ತೋರಿಸಿದೆ.
"ಇದೇನವ್ವ, ನಂದಿ ಬೆಟ್ಟಾನಾ?"
ನಿಮ್ಮ ಎದೆ, ಅಂದೆ. ಮಂಗಳವಾರ, ಐದೂ ಐವತ್ತು.
ನೂರಾ ಇಪ್ಪತ್ತೆಂಟು. ಕೆಂಪು ಅಕ್ಷರ: ಒತ್ತಡ ಹೆಚ್ಚು.
ಅವರು ಬೆರಳಲ್ಲಿ ಬೆಟ್ಟ ಮುಟ್ಟಿ ನೋಡಿದರು.
"ಮಂಗ್ಳಾರ... ಅಯ್ಯೋ, ಆವತ್ತು ಪುಟ್ಟಹೊನ್ನಿ
ಆರನೇ ಕ್ರಾಸಲ್ಲಿ ಗೋಡೆ ಹಿಂದೆ ಕುಂತು
ಹುಲಿ ತರ ಕೂಗಿದ್ಳು.
ನಕ್ಕೂ ನಕ್ಕೂ ಪೊರಕೆ ಬಿಟ್ಟಿದ್ದೆ!"

ಗುರುವಾರದ ಗೆರೆ ಕೆರೆಯ ಹಾಗೆ ಮಟ್ಟಸ.
ಎಪ್ಪತ್ತೊಂದು. ಹಸಿರು ಅಕ್ಷರ: ಆರಾಮ.
ಟೀ ಲೋಟ ಕೆಳಗಿಟ್ಟರು.
"ಅವತ್ತು ಸಂಬ್ಳ ಇನ್ನೂ ಎರಡು ತಿಂಗ್ಳು ಇಲ್ಲ ಅಂದ್ರು.
ಕೈಕಾಲು ಸೋತೋಗಿ ಅಲ್ಲೇ ಕೂತ್ಬಿಟ್ಟೆ.
ಅದಕ್ಕೆ ಆರಾಮ ಅಂತದಾ ಇದು?"

ತ್ಯಾಗರಾಜನಗರ, ಬೇಕರಿ ಮೇಲಿನ ನಮ್ಮ ಎರಡು ಕೋಣೆ.
ಲೆಕ್ಕ ಬರೆದವನು ಜಯತೀರ್ಥ. ಒಳ್ಳೆಯ ಲೆಕ್ಕವೇ.
"ಮಿಕ್ಕ ನಲವತ್ತು ಜನಕ್ಕೆ ಸರಿಯಾಗೇ ಇದೆ" ಅಂದ.
ಅವರನ್ನ ಕೇಳಿದ್ವಾ?
ಕೆಳಗಿನಿಂದ ಬನ್ನಿನ ವಾಸನೆ ಬಂತು, ಉತ್ತರ ಬರಲಿಲ್ಲ.
ಎದೆ ಧಸಕ್ಕೆನ್ನುತ್ತೆ, ಝಲ್ಲೆನ್ನುತ್ತೆ,
ಡವಗುಟ್ಟುತ್ತೆ, ಒಮ್ಮೊಮ್ಮೆ ಸುಮ್ಮನೆ ಭಾರವಾಗುತ್ತೆ.
ನಮ್ಮ ಪರದೆಯಲ್ಲಿ ಇದ್ದದ್ದು
ಸಿಗ್ನಲ್ ಕಂಬದ ಮೂರು ಬಣ್ಣ.

ಬಣ್ಣ ಅಳಿಸಿದೆವು. ಸಂಖ್ಯೆ ಹಿಂದಕ್ಕೆ ಸರಿಸಿದೆವು,
ಬೇಕೆಂದವರು ತೆರೆದು ನೋಡಲಿ.
ಈಗ ಬೆಟ್ಟ ಎದ್ದರೂ, ಕೆರೆ ಹಾಸಿದರೂ
ತೋಳಲ್ಲಿ ಎರಡು ಸಲ ಮೆಲ್ಲಗೆ ಅದುರುತ್ತೆ,
ಫೋನಿಂದ ಒಂದು ದನಿ: ಏನಾಗ್ತಿತ್ತು ಆಗ?
ಗುಂಡಿ ಒತ್ತಿ ಮಾತಾಡಬಹುದು. ಬಿಡಲೂಬಹುದು.
ಮೊದಲ ವಾರ ಬಂದ ಮಾತು:
"ಬಿಸ್ಲು."
"ಏನಿಲ್ಲ."
"ನಿನ್ನೆದೇ, ಇನ್ನೂ ಹೋಗಿಲ್ಲ."
"ಮಗ ಪಾಸು! ಪುಟ್ಟಹೊನ್ನಿ, ಬಾರೇ ಇಲ್ಲಿ..."
"ಹೇಳಲ್ಲ."
"ಹೇಳಲ್ಲ"ಕ್ಕೆ ಯಾವ ಕಾಲಂ, ಅಂದ ಜಯತೀರ್ಥ.
ಅದಕ್ಕೇ ಒಂದು ಕಾಲಂ ಮಾಡು, ಅಂದೆ.

ಪಟ್ಟಿ ವಾಪಸು ಬಂದಾಗ ಅಂಚಿಗೆ ಕೆಂಪು ದಾರದ ಹೊಲಿಗೆ,
ಒಂದು ಕರಿಮಣಿ. ದೃಷ್ಟಿಗಂತೆ.
ಬಿಚ್ಚಲು ಮನಸ್ಸಾಗದೆ ನಾನೇ ತೊಟ್ಟೆ.

ಮೂರೂ ಹತ್ತು, ನಡುರಾತ್ರಿ.
ತೋಳು ಎರಡು ಸಲ ಅದುರಿತು.
ದಿಂಬಿನಡಿಯಿಂದ ನಾನೇ ಬರೆದ ಪ್ರಶ್ನೆ,
ನಾನೇ ಆರಿಸಿದ ದನಿಯಲ್ಲಿ.
ಕನಸೂ ನೆನಪಿಲ್ಲ, ಹೆದರಿಕೆಯೂ ಇಲ್ಲ,
ಆದರೂ ಗುಂಡಿ ಒತ್ತಿ ಹಿಡಿದೆ.

ಬೆಳಿಗ್ಗೆ ಕೇಳಿಸಿಕೊಂಡೆ:
ಹನ್ನೊಂದು ಸೆಕೆಂಡು ಫ್ಯಾನಿನ ಸದ್ದು,
ಆಮೇಲೆ ಒಂದು ಉಸಿರು,
ಮಾತಿಗೆಂದು ಹೊರಟದ್ದು.